ಹೊಟ್ಟೆ ನೋಡಿ ಆಟ ಅಳೆಯಬೇಡಿ

ಬೆಳಿಗ್ಗೆಯಿಂದ ಮನಸ್ಸು ಸರಿಯಿಲ್ಲ. ಮಗಳನ್ನು ಬಾಸ್ಕೆಟ್‌ಬಾಲ್ ಸೆಲೆಕ್ಷನ್‌ಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗ. ಒಳ್ಳೆ ಎತ್ತರ, ಸ್ವಲ್ಪ ದುಂಡು ಮೈ. ರಿಂಗ್‌ಗೆ ಬೆನ್ನು ಹಾಕಿ ಬಾಲ್ ಹಿಡಿದವನು, ತಿರುಗಿಯೂ ನೋಡದೆ ಮೂಲೆಯಲ್ಲಿ ನಿಂತಿದ್ದವನ ಕೈಗೆ ಸರಿಯಾಗಿ ಪಾಸ್ ಕೊಟ್ಟ. ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ.

ಕೋಚ್ ಕಣ್ಣಿಗೆ ಆ ಪಾಸ್ ಬೀಳಲೇ ಇಲ್ಲ. ಎಲ್ಲರೆದುರು ಹುಡುಗನ ಹೊಟ್ಟೆ ಚಿವುಟಿ, "ಮೊದಲು ಇದನ್ನ ಇಳಿಸಿಕೊಂಡು ಬಾ" ಅಂದರು. ಅವನು ಜೆರ್ಸಿಯನ್ನು ಕೆಳಗೆ ಎಳೆದುಕೊಳ್ಳುತ್ತಾ ನಿಂತ.

ಇಂಥ ಪಾಸ್‌ಗಳಿಂದಲೇ ಸರ್ಬಿಯಾದ ನಿಕೊಲಾ ಯೋಕಿಚ್ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಆಳುತ್ತಿರುವುದು. 211 ಸೆಂಟಿಮೀಟರ್ ಎತ್ತರ, ಸುಮಾರು 129 ಕಿಲೋ. ಎತ್ತರಕ್ಕೆ ತೂಕ ಹೋಲಿಸುವ ಬಿಎಂಐ ಲೆಕ್ಕದಲ್ಲಿ 29, ಅಂದರೆ 'ತೂಕ ಜಾಸ್ತಿ'. ಸಮುದ್ರಮಟ್ಟದಿಂದ 1,600 ಮೀಟರ್ ಮೇಲಿರುವ, ಬೇಗ ಉಸಿರು ಕಟ್ಟುವ ಡೆನ್ವರ್ ಅವನ ತಂಡದ ಅಂಗಳ. 2020-21ರಲ್ಲಿ ತಂಡದ 72 ಪಂದ್ಯಗಳಲ್ಲಿ 72ನ್ನೂ ಆಡಿ ಎಂವಿಪಿ, ಅಂದರೆ ಲೀಗ್‌ನ ಅತ್ಯುತ್ತಮ ಆಟಗಾರ, ಆದ. 2023ರಲ್ಲಿ ಡೆನ್ವರ್ ತಂಡಕ್ಕೆ ಮೊದಲ ಎನ್‌ಬಿಎ ಚಾಂಪಿಯನ್‌ಶಿಪ್ ತಂದುಕೊಟ್ಟ. ಇದು ಫಿಟ್‌ನೆಸ್ ಅಲ್ಲದಿದ್ದರೆ ಇನ್ಯಾವುದು?

ಬಿಎಂಐಗೆ ಸ್ನಾಯು ಯಾವುದು, ಕೊಬ್ಬು ಯಾವುದು ಗೊತ್ತಾಗುವುದಿಲ್ಲ. 206 ಸೆಂಟಿಮೀಟರ್, 113 ಕಿಲೋ ಇರುವ ಎನ್‌ಬಿಎ ತಾರೆ ಲೆಬ್ರಾನ್ ಜೇಮ್ಸ್ ಕೂಡ ಅದರ ಪ್ರಕಾರ ತೂಕ ಜಾಸ್ತಿ ಇರುವವನೇ! ಯೋಕಿಚ್‌ನಂತೆ ರಿಂಗ್ ಹತ್ತಿರ ಆಡುವ ಸೆಂಟರ್‌ಗಳ ಮೈಯಲ್ಲಿ ಸಾಮಾನ್ಯವಾಗಿ ಹೊರಗಿನಿಂದ ಬಾಲ್ ನಡೆಸುವ ಗಾರ್ಡ್‌ಗಳಿಗಿಂತ ಕೊಬ್ಬು ಜಾಸ್ತಿಯೇ ಇರುತ್ತದೆ. ರಿಂಗ್ ಕೆಳಗೆ ಒಬ್ಬರನ್ನೊಬ್ಬರು ತಳ್ಳಿ ಜಾಗ ಹಿಡಿಯುವ ಕೆಲಸ ಅವರದು. ತೆಳ್ಳಗಿರುವವರಿಗೂ ಈ ಕಾಟ ತಪ್ಪಿದ್ದಲ್ಲ. 2007ರಲ್ಲಿ ಎನ್‌ಬಿಎಗೆ ಬರುವ ಮುಂಚಿನ ಪರೀಕ್ಷೆಯಲ್ಲಿ ಕೆವಿನ್ ಡುರಾಂಟ್‌ಗೆ 84 ಕಿಲೋ ಬಾರ್ ಒಂದು ಸಲವೂ ಎತ್ತಲಾಗಲಿಲ್ಲ ಅಂತ ಎಷ್ಟು ಮಾತಾಡಿದರು. 2014ರಲ್ಲಿ ಅವನೇ ಎಂವಿಪಿ.

ತೂಕ ಜಾಸ್ತಿಯಾದರೆ ಮಂಡಿಗೆ ಪೆಟ್ಟು, ಹಾರಿ ಇಳಿದಾಗಲೆಲ್ಲ ಹೊರೆ ಬೀಳುತ್ತದೆ, ನಿಜ. ಯೋಕಿಚ್ ಕೂಡ ದಿನಕ್ಕೆ ಮೂರು ಲೀಟರ್ ಕೋಲಾ ಕುಡಿಯುತ್ತಿದ್ದವನು, ಅಮೆರಿಕಕ್ಕೆ ಹೊರಟ ವಿಮಾನದಲ್ಲಿ ಕೊನೆಯದು ಕುಡಿದು ಬಿಟ್ಟನಂತೆ. ಆದರೆ ಡೆನ್ವರ್‌ನವರು ಅವನನ್ನು ತಂಡಗಳು ಸರದಿಯಲ್ಲಿ ಹೊಸಬರನ್ನು ಆರಿಸುವ 2014ರ ಡ್ರಾಫ್ಟ್‌ನಲ್ಲಿ 41ನೆಯವನಾಗಿ ಆರಿಸಿಕೊಂಡಿದ್ದು ಅದಕ್ಕೂ ಮೊದಲೇ. ಮೊದಲು ಆಟ ನೋಡಿದರು. ಮೈ ಆಮೇಲೆ ಪಳಗಿತು.

ನಾನೂ ಹಿಂದೆ ಬಾಸ್ಕೆಟ್‌ಬಾಲ್ ಆಡುತ್ತಿದ್ದೆ, ಅದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಗೊತ್ತಿಲ್ಲದ ಒಂದು ವಿಷಯ ಹೇಳ್ತೀನಿ. ಹದಿನಾರರಲ್ಲಿ ನನಗೂ ಹೀಗೇ ಅಂದಿದ್ದರು. ಎರಡು ತಿಂಗಳು ರಾತ್ರಿ ಊಟವನ್ನು ಹಿತ್ತಲ ನಾಯಿಗೆ ಹಾಕಿದೆ. ಎಂಟು ಕಿಲೋ ಇಳಿಯಿತು. ಆಮೇಲೆ ರಿಂಗ್‌ಗೆ ಬಡಿದು ವಾಪಸ್ ಬರುವ ಬಾಲ್ ಹಿಡಿಯಲು, ಅಂದರೆ ರೀಬೌಂಡ್‌ಗೆ, ನಿಂತರೆ ಯಾರು ಬೇಕಾದರೂ ನನ್ನನ್ನು ತಳ್ಳಿ ಬಾಲ್ ಕಿತ್ತುಕೊಂಡು ಹೋಗುತ್ತಿದ್ದರು. ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಇವತ್ತು ಆ ಹುಡುಗನನ್ನು ಮಾತಾಡಿಸದೆ ಬಂದುಬಿಟ್ಟೆ. ಭಾನುವಾರ ಮತ್ತೆ ಹೋಗ್ತೀನಿ. ಅವನು ಬಂದಿದ್ದರೆ ಆ ಪಾಸ್ ಬಗ್ಗೆ ಹೇಳಬೇಕು.