ಪಾವಗಡದ ಏಪ್ರಿಲ್‌ನಲ್ಲೂ ಓಡುವ ಹ್ಯಾಂಡ್‌ಹೆಲ್ಡ್ ಬೇಕು

ಮುಂದಿನ ಹ್ಯಾಂಡ್‌ಹೆಲ್ಡ್, ಅಂದರೆ ಕೈಯಲ್ಲಿ ಹಿಡಿದು ಆಡೋ ಗೇಮ್ ಕನ್ಸೋಲ್ ಹೇಗಿರಬೇಕು ಅಂತ ಮಾತು ಶುರುವಾದರೆ ಸಾಕು, ಎಲ್ಲರೂ ಚಿಪ್ಪಿನ ಹೆಸರು ಹಿಡಿದು ಜಗಳಕ್ಕೆ ನಿಲ್ತಾರೆ. ಎಷ್ಟು ಕೋರು, ಎಷ್ಟು ಟೆರಾಫ್ಲಾಪು, ರೇ ಟ್ರೇಸಿಂಗ್ ಇದೆಯಾ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೂತು ಆಡೋರು ಕೇಳಬೇಕಾದ್ದು ಬೇರೆ. ಎಷ್ಟು ವ್ಯಾಟಿಗೆ ಎಷ್ಟು ಕೆಲಸ ಮಾಡುತ್ತೆ? ನಮ್ಮ ಸೆಕೆ, ನಮ್ಮ ಧೂಳು, ನಮ್ಮ ಕರೆಂಟು ತಡೆಯುತ್ತಾ? ಕೆಟ್ಟರೆ ಊರಲ್ಲೇ ಯಾರಾದರೂ ಬಿಚ್ಚಬಹುದಾ? ನನ್ನ ಆಸೆ ಇಷ್ಟೇ, ವಿವರ ಮಾತ್ರ ಸ್ವಲ್ಪ ಉದ್ದ.

ಮೊದಲು ಬ್ಯಾಟರಿ ಲೆಕ್ಕ. 2022ರಲ್ಲಿ ವಾಲ್ವ್ ಕಂಪನಿ ತಂದ ಹ್ಯಾಂಡ್‌ಹೆಲ್ಡ್ ಸ್ಟೀಮ್ ಡೆಕ್‌ನಲ್ಲಿ ಇದ್ದದ್ದು 40 ವ್ಯಾಟ್-ಅವರ್ ಬ್ಯಾಟರಿ, ಅಂದರೆ 40 ವ್ಯಾಟನ್ನ ಒಂದು ಗಂಟೆ ಕೊಡುವಷ್ಟು. ಚಿಪ್ಪಿಗೆ ಹೆಚ್ಚೆಂದರೆ 15 ವ್ಯಾಟ್; ಅದರ ಮೇಲೆ ಪರದೆ, ರ‍್ಯಾಮ್, ಎಸ್‌ಎಸ್‌ಡಿ, ವೈಫೈ, ಫ್ಯಾನು ಎಲ್ಲ ಸೇರಿ ಭಾರಿ ಗೇಮ್‌ನಲ್ಲಿ ಒಟ್ಟು 20 ದಾಟುತ್ತೆ. ಭಾಗಿಸಿ ನೋಡಿ, ಎರಡು ಗಂಟೆಯೂ ಪೂರ್ತಿ ಬರಲ್ಲ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್, ರೈಲಲ್ಲಿ ಹೆಚ್ಚುಕಡಿಮೆ ಒಂದೂವರೆ ಗಂಟೆ. ಹೋಗಿಬರೋಕೆ ಮೂರು. ಮಾರಿಕುಪ್ಪಂ, ಬಂಗಾರಪೇಟೆ ಕಡೆಯಿಂದ ದಿನಾ ಓಡಾಡೋರಿಗೆ ಇನ್ನೂ ಜಾಸ್ತಿ. ಹಾಗಾಗಿ ನನ್ನ ಅಳತೆಗೋಲು ಮೂರು ಗಂಟೆ. 50 ವ್ಯಾಟ್-ಅವರ್ ಬ್ಯಾಟರಿಯಲ್ಲಿ ಅದು ಸಿಗಬೇಕಾದರೆ ಇಡೀ ಯಂತ್ರ 16 ವ್ಯಾಟಿನ ಆಸುಪಾಸಲ್ಲೇ ಇರಬೇಕು, ಅಂದರೆ ಚಿಪ್ಪಿನ ಪಾಲಿಗೆ 9-10. ಇವತ್ತು 15 ವ್ಯಾಟಿಗೆ ಸಿಗೋ ಆಟ ನಾಳೆ 9 ವ್ಯಾಟಿಗೆ ಸಿಗಲಿ ಅನ್ನೋದೇ ನನ್ನ ಪ್ರಕಾರ ಹೊಸ ತಲೆಮಾರು. 30 ವ್ಯಾಟ್ ಕುಡಿದು ದುಪ್ಪಟ್ಟು ವೇಗ ಕೊಡೋದಾದರೆ ಲ್ಯಾಪ್‌ಟಾಪ್ ಇದೆಯಲ್ಲ.

ಇದು ಆಗದ ಮಾತೇನಲ್ಲ. ನಿಂಟೆಂಡೊ 2017ರಲ್ಲಿ ತಂದ ಸ್ವಿಚ್‌ಗೆ ಕಂಪನಿ ಹೇಳಿದ ಬ್ಯಾಟರಿ ಬಾಳಿಕೆ ಸುಮಾರು 2.5ರಿಂದ 6.5 ಗಂಟೆ. 2019ರಲ್ಲಿ ಅದೇ 4310 ಎಂಎಎಚ್ ಬ್ಯಾಟರಿ ಇಟ್ಟು, ಮುಖ್ಯವಾಗಿ ಚಿಪ್ಪನ್ನ ಸಣ್ಣ ಪ್ರೋಸೆಸ್‌ನಲ್ಲಿ (ಕಡಿಮೆ ನ್ಯಾನೋಮೀಟರ್‌ನ, ಕಡಿಮೆ ಕರೆಂಟು ಕುಡಿಯೋ ತಯಾರಿಕೆಯಲ್ಲಿ) ಮಾಡಿಸಿದರು, ಬಾಳಿಕೆ 4.5ರಿಂದ 9 ಗಂಟೆಗೆ ಹೋಯಿತು. ಸ್ಟೀಮ್ ಡೆಕ್ ಓಎಲ್‌ಇಡಿ ಕೂಡ ಹಾಗೇ. 2023ರಲ್ಲಿ ಚಿಪ್ಪು 7ರಿಂದ 6 ನ್ಯಾನೋಮೀಟರ್‌ಗೆ, ಬ್ಯಾಟರಿ 50ಕ್ಕೆ, ತೂಕ ಮಾತ್ರ 669ರಿಂದ 640 ಗ್ರಾಮಿಗೆ ಇಳಿಯಿತು. ವೇಗ ಹೆಚ್ಚಲಿಲ್ಲ ಅಂತ ಬೈದವರೇ ಹೆಚ್ಚು. ನನಗೆ ಅದೇ ಸರಿಯಾದ ದಾರಿ ಅನಿಸುತ್ತೆ. ಎದುರು ದಾರಿ ಹಿಡಿದ ಏಸಸ್ ಕಂಪನಿಯ ಮೊದಲ ರಾಗ್ ಅಲೈ 40 ವ್ಯಾಟ್-ಅವರ್‌ಗೆ 1080ಪಿ, 120 ಹರ್ಟ್ಸ್ ಪರದೆ ಕಟ್ಟಿತು. ಮಾರನೇ ವರ್ಷವೇ ಅಲೈ ಎಕ್ಸ್‌ನಲ್ಲಿ ಬ್ಯಾಟರಿ 80ಕ್ಕೆ ಏರಿಸಬೇಕಾಯಿತು, ತೂಕ 608ರಿಂದ 678ಕ್ಕೆ ಹೋಯಿತು. ತಮಾಷೆ ಅಂದರೆ, ಅಲೈನ ಝಡ್1 ಎಕ್ಸ್‌ಟ್ರೀಮ್ ಚಿಪ್ಪನ್ನ 10 ವ್ಯಾಟಿಗಿಂತ ಕೆಳಗೆ ಇಳಿಸಿದರೆ ಡೆಕ್‌ನ ಹಳೇ ಚಿಪ್ಪಿನ ಮುಂದೆ ಮಂಕಾಗುತ್ತೆ.

ಪರದೆ ವಿಷಯದಲ್ಲೂ ದುರಾಸೆ ಬೇಡ. 1280×800 ಅಂದರೆ ಸುಮಾರು 10 ಲಕ್ಷ ಪಿಕ್ಸೆಲ್, 1920×1080 ಅಂದರೆ 20 ಲಕ್ಷ. ಏಳು ಇಂಚಿನಲ್ಲಿ ಕಣ್ಣಿಗೆ ಕಾಣೋ ವ್ಯತ್ಯಾಸ ಕಡಿಮೆ, ಚಿಪ್ಪಿಗೆ ಹೊರೆ ಎರಡು ಪಟ್ಟು. ಅದರ ಬದಲು 40 ಹರ್ಟ್ಸ್‌ವರೆಗೆ ಇಳಿಯೋ ವಿಆರ್‌ಆರ್, ಅಂದರೆ ಗೇಮಿನ ವೇಗಕ್ಕೆ ತಕ್ಕಂತೆ ಪರದೆ ತನ್ನ ವೇಗ ಬದಲಿಸಿಕೊಳ್ಳೋ ಸೌಲಭ್ಯ ಕೊಡಲಿ. ಒಂದು ಫ್ರೇಮಿಗೆ, ಸೆಕೆಂಡಿಗೆ 30 ಚಿತ್ರ ಅಂದರೆ 30 ಎಫ್‌ಪಿಎಸ್‌ನಲ್ಲಿ 33.3 ಮಿಲಿಸೆಕೆಂಡ್, 60ರಲ್ಲಿ 16.7, 40ರಲ್ಲಿ 25, ಕರೆಕ್ಟಾಗಿ ನಡುಮಧ್ಯ. ಕೈಗೆ ಹಗುರ ಅನಿಸುತ್ತೆ, ವ್ಯಾಟೂ ಉಳಿಯುತ್ತೆ. ಈಗಿನ ಎಷ್ಟೋ ಪರದೆಗಳಲ್ಲಿ ವಿಆರ್‌ಆರ್ 48ಕ್ಕೇ ನಿಂತುಬಿಡುತ್ತೆ.

ಈಗ ಸೆಕೆ. ಕಂಪನಿಗಳ ಪರೀಕ್ಷೆ ನಡೆಯೋದು ಎಸಿ ಕೋಣೆಯಲ್ಲಿ, 25 ಡಿಗ್ರಿ ಅಂತಿಟ್ಟುಕೊಳ್ಳಿ. ಚಿಪ್ಪಿನ ಬಿಸಿ ಹೊರಹಾಕೋ ಲೋಹದ ಹೀಟ್‌ಸಿಂಕ್ ಸುತ್ತಲಿನ ಗಾಳಿಗಿಂತ ಚಿಪ್ಪನ್ನ ತಣ್ಣಗೆ ಮಾಡಲಾರದು; ಗಾಳಿಗಿಂತ ಎಷ್ಟು ಡಿಗ್ರಿ ಮೇಲೆ ಅನ್ನೋದಷ್ಟೇ ಅದರ ಕೈಲಿರೋದು. 25ರಲ್ಲಿ 75 ಮುಟ್ಟೋ ಚಿಪ್ಪು, ಪಾವಗಡದ ಏಪ್ರಿಲ್‌ನಲ್ಲಿ ಶೀಟ್ ಮನೆಯೊಳಗೆ 38 ಇದ್ದಾಗ 88ರ ಹತ್ತಿರ ಹೋಗುತ್ತೆ. ಫ್ಯಾನು ಕಿರುಚುತ್ತೆ, ಫ್ರೇಮು ಬೀಳುತ್ತೆ. ಅದಕ್ಕಿಂತ ಕೆಟ್ಟದ್ದು ಬ್ಯಾಟರಿಯ ಗತಿ. ಲಿಥಿಯಂ ಬ್ಯಾಟರಿಗೆ ಬಿಸಿ ಮತ್ತು ಭರ್ತಿ ಚಾರ್ಜು ಎರಡೂ ಒಟ್ಟಿಗೆ ಆಗಿಬರಲ್ಲ. ಒಳಗೆ ಗ್ಯಾಸ್ ಕಟ್ಟಿ ಉಬ್ಬೋದು ಹೀಗೇ. ವೈರ್ ಹಾಕಿಕೊಂಡು ಆಡುವಾಗ ಕರೆಂಟು ಬ್ಯಾಟರಿ ಮುಟ್ಟದೆ ನೇರ ಬೋರ್ಡಿಗೆ ಹೋಗೋ ಬೈಪಾಸ್, ಜೊತೆಗೆ 80 ಶೇಕಡಾ ಮಿತಿ, ಇವೆರಡೂ ಪೆಟ್ಟಿಗೆ ತೆಗೆದ ದಿನದಿಂದಲೇ ಇರಬೇಕು. ಮೆಮೊರಿ ಕಾರ್ಡಿನ ಜಾಗವನ್ನ ಬಿಸಿಗಾಳಿ ಹೊರಬರೋ ಕಿಂಡಿಯ ಪಕ್ಕ ಇಡೋ ಬುದ್ಧಿವಂತಿಕೆಯೂ ಮತ್ತೆ ಬೇಡ.

ಧೂಳು ಇನ್ನೊಂದು ಕಾಟ. ಚಿಕ್ಕಬಳ್ಳಾಪುರದ ಕ್ರಷರ್ ಪಕ್ಕದ ಊರುಗಳ ಕಲ್ಲುಪುಡಿ ಆಗಲಿ, ಕೋಲಾರದ ಕೆಂಪು ಮಣ್ಣಾಗಲಿ, ಹಿಂಬದಿಯ ಗಾಳಿಕಿಂಡಿಯಲ್ಲಿ ನುಗ್ಗಿ ಹೀಟ್‌ಸಿಂಕಿನ ಫಿನ್‌ಗಳ (ತೆಳು ತಗಡುಗಳ) ನಡುವೆ ಕಂಬಳಿ ಹಾಸಿದ ಹಾಗೆ ಕೂರುತ್ತೆ. ಗಾಳಿಕಿಂಡಿಗೆ ತೊಳೆದು ಹಾಕಬಹುದಾದ ಒಂದು ಜಾಲರಿ ಕೊಟ್ಟರೆ ಏನು ಗಂಟು ಹೋಗುತ್ತೆ? ಅದು ಬರೋವರೆಗೆ ಬಿಚ್ಚಿಯೇ ಕ್ಲೀನ್ ಮಾಡಬೇಕು. ಹಳೇ ಡೆಕ್‌ನಲ್ಲಾದರೆ ಚಾರ್ಜ್ 25 ಶೇಕಡಾಕ್ಕಿಂತ ಇಳಿಸಿ, ಪೂರ್ತಿ ಆಫ್ ಮಾಡಿ, ಮೊದಲು ಮೆಮೊರಿ ಕಾರ್ಡ್ ತೆಗೀರಿ. ಮರೆತು ಹಿಂಬದಿ ಎತ್ತಿದರೆ ಕಾರ್ಡ್ ಎರಡು ತುಂಡು. ಎಂಟು ಸ್ಕ್ರೂ: ನಾಲ್ಕು ಉದ್ದ, ನಾಲ್ಕು ಗಿಡ್ಡ, ಬೇರೆ ಬೇರೆ ಇಡಿ. ಮೇಲಿನ ಲೋಹದ ತಗಡು ತೆಗೆದ ಕೂಡಲೇ ಬ್ಯಾಟರಿ ಕನೆಕ್ಟರ್ ಕಳಚಿ. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನ ಬೆರಳಲ್ಲಿ ಒತ್ತಿ ಹಿಡೀರಿ. ಬಿಟ್ಟರೆ ಅಳತೆ ಮೀರಿ ಸುತ್ತಿ ಬೇರಿಂಗ್ ಹಾಳಾಗುತ್ತೆ. ಎಲ್‌ಸಿಡಿ ಮಾಡೆಲ್‌ನಲ್ಲಿ ಈ ಸ್ಕ್ರೂಗಳು ಕಚ್ಚೋದು ಬರೀ ಪ್ಲಾಸ್ಟಿಕ್ಕಿಗೆ, ನಾಲ್ಕು ಸಲ ಬಿಚ್ಚಿದರೆ ಮರೆ (ಥ್ರೆಡ್) ಸವೆಯುತ್ತೆ. ಓಎಲ್‌ಇಡಿಯಲ್ಲಿ ಲೋಹದ ಮರೆ ಕೊಟ್ಟಿದ್ದಾರೆ, ತಲೆ ನಕ್ಷತ್ರದಾಕಾರದ ಟಾರ್ಕ್ಸ್. ಇಂಥ ಚಿಕ್ಕ ಸುಧಾರಣೆಗೆ ಯಾರೂ ಚಪ್ಪಾಳೆ ಹೊಡೆಯಲ್ಲ, ರಿಪೇರಿ ಅಂಗಡಿಯವರನ್ನ ಬಿಟ್ಟು.

ಬ್ಯಾಟರಿಗೆ ಗೋಂದು ಹಾಕೋದಂತೂ ನಿಲ್ಲಲೇಬೇಕು. ಯುರೋಪಿನಲ್ಲಿ 2027ರ ಫೆಬ್ರುವರಿ 18ರಿಂದ ಇಂಥ ಉಪಕರಣಗಳ ಬ್ಯಾಟರಿಯನ್ನ ಕೊಂಡವರೇ ತೆಗೆದು ಬದಲಿಸೋ ಹಾಗಿರಬೇಕು ಅನ್ನೋ ಕಾನೂನು ಜಾರಿಗೆ ಬರುತ್ತೆ. ಅವರಿಗಾಗಿ ಮಾಡಿದ್ದು ನಮಗೂ ಸಿಕ್ಕರೆ ಸಾಕು.

ಸ್ಟಿಕ್ ಡ್ರಿಫ್ಟ್ ಬಗ್ಗೆ ಗೊತ್ತಿಲ್ಲದ ಗೇಮರ್ ಇಲ್ಲ. ಸಾಮಾನ್ಯ ಸ್ಟಿಕ್ಕಿನ ಒಳಗೆ ಕಾರ್ಬನ್ ಪಟ್ಟಿಯ ಮೇಲೆ ಲೋಹದ ಕಡ್ಡಿ ಉಜ್ಜುತ್ತೆ. ಪಟ್ಟಿ ಸವೆದ ಮೇಲೆ, ಕೈ ಬಿಟ್ಟರೂ ಪಾತ್ರ ತಾನಾಗಿ ನಡೆದುಕೊಂಡು ಹೋಗುತ್ತೆ. ಹಾಲ್ ಎಫೆಕ್ಟ್, ಟಿಎಂಆರ್ ಸ್ಟಿಕ್ಕುಗಳು ಆಯಸ್ಕಾಂತದಿಂದ ಅಳೆಯುತ್ತವೆ, ಸವೆಯೋಕೆ ಅಲ್ಲಿ ಉಜ್ಜಾಟವೇ ಇಲ್ಲ. ಹೀಗಿರುವಾಗ 2025ರಲ್ಲಿ ಬಂದ ಸ್ವಿಚ್ 2ರ ಪಕ್ಕದ ಕಂಟ್ರೋಲರ್ ಜಾಯ್-ಕಾನ್‌ನಲ್ಲೂ ಹಾಲ್ ಎಫೆಕ್ಟ್ ಇಲ್ಲ ಅನ್ನೋದು ನನಗೆ ಅರ್ಥವಾಗದ ಜಿಪುಣತನ.

ಚಾರ್ಜರ್ ವಿಷಯ ಬೇಗ ಮುಗಿಸ್ತೀನಿ. ಡೆಕ್‌ಗೆ ಬೇಕಾದ್ದು 45 ವ್ಯಾಟಿನ ಯುಎಸ್‌ಬಿ ಪಿಡಿ (ಪವರ್ ಡೆಲಿವರಿ) ಚಾರ್ಜರ್. ಫೋನಿನ ಜೊತೆ ಬಂದ ದೊಡ್ಡ ನಂಬರಿನ ಚಾರ್ಜರ್ ಎಷ್ಟೋ ಸಲ ಆ ಫೋನಿಗೆ ಮಾತ್ರ ಅಷ್ಟು ಕೊಡುತ್ತೆ, ಬೇರೆಯದಕ್ಕೆ 10 ವ್ಯಾಟ್ ಕೊಟ್ಟು ಸುಮ್ಮನಾಗುತ್ತೆ. ಪಿಡಿ ಅಂತ ಬರೆದಿದೆಯಾ ನೋಡಿ. 20,000 ಎಂಎಎಚ್ ಪವರ್‌ಬ್ಯಾಂಕ್ ಅಂದರೆ 3.7 ವೋಲ್ಟಿಗೆ 74 ವ್ಯಾಟ್-ಅವರ್. ಸೋರಿಕೆ ಕಳೆದು ಕೈಗೆ ಬರೋದು 60 ಚಿಲ್ಲರೆ. ಕರೆಂಟು ಹೋದ ಸಂಜೆಗೆ ಒಂದು ಪೂರ್ತಿ ಚಾರ್ಜ್.

ಗೇಮ್ ಇಳಿಸಿಕೊಳ್ಳೋದು ಹಳ್ಳಿ ಕಡೆ ಇನ್ನೂ ತಲೆನೋವು. 100 ಜಿಬಿ ಗೇಮಿಗೆ 40 ಎಂಬಿಪಿಎಸ್ ಲೈನಿನಲ್ಲಿ ಐದೂವರೆ ಗಂಟೆ. ದಿನಕ್ಕೆ 2 ಜಿಬಿ ಮೊಬೈಲ್ ಡೇಟಾದಲ್ಲಾದರೆ 50 ದಿನ! ಹಾಗಿರುವಾಗ ಸ್ವಿಚ್ 2ರ ಗೇಮ್-ಕೀ ಕಾರ್ಡ್, ಅಂದರೆ ಒಳಗೆ ಬರೀ ಕೀಲಿ ಇಟ್ಟು ಗೇಮನ್ನ ನೆಟ್ಟಿನಿಂದ ಇಳಿಸಿಕೊಳ್ಳಿ ಅನ್ನೋ ಕಾರ್ಡ್, ಖಾಲಿ ಡಬ್ಬ ಮಾರಿದ ಹಾಗೆ. ಗೇಮ್ ಪೂರ್ತಿ ಕಾರ್ಡಿನಲ್ಲೇ ಇರಲಿ.

ಇನ್ನೊಂದು ಆಸೆ, ಕನ್ನಡ ಅಕ್ಷರ. ಕನ್ನಡದ ಒತ್ತಕ್ಷರ ಸರಿಯಾಗಿ ಕೂರಬೇಕಾದರೆ ಅಕ್ಷರ, ಒತ್ತುಗಳನ್ನ ಜೋಡಿಸೋ ಟೆಕ್ಸ್ಟ್ ಶೇಪಿಂಗ್ ಅನ್ನೋ ಕೆಲಸ ನಡೆಯಬೇಕು. ಅದಿಲ್ಲದ ಗೇಮ್ ಎಂಜಿನ್‌ನಲ್ಲಿ (ಗೇಮ್ ಕಟ್ಟೋ ಸಾಫ್ಟ್‌ವೇರ್‌ನಲ್ಲಿ) 'ಕೃಷ್ಣ'ನ ಒತ್ತು ಪಕ್ಕಕ್ಕೆ ಬಿದ್ದಿರುತ್ತೆ. ಯೂನಿಟಿ ಎಂಜಿನ್‌ನಲ್ಲಿ ಅಕ್ಷರ ತೋರಿಸೋ ಟೆಕ್ಸ್ಟ್‌ಮೆಶ್ ಪ್ರೊನಲ್ಲಿ ಈ ತೊಂದರೆ ಹಳೆಯದು. ಗೊಡೋ 4 ಎಂಜಿನ್‌ನಲ್ಲಿ ಶೇಪಿಂಗ್ ಮಾಡೋ ಹಾರ್ಫ್‌ಬಝ್ ಒಳಗೇ ಇರೋದರಿಂದ ಸರಿ ಬರುತ್ತೆ. ಕನ್ಸೋಲಿನ ಓಎಸ್ಸೇ ಈ ಸೌಲಭ್ಯ ಕೊಟ್ಟರೆ ನಮ್ಮ ಹುಡುಗರು ಕನ್ನಡದಲ್ಲಿ ಗೇಮ್ ಮಾಡೋಕೆ ಒಂದು ಅಡ್ಡಿ ಕಮ್ಮಿ.

ಅಷ್ಟು ದಿನ ಕಾಯೋಕಾಗಲ್ಲ, ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲೋ ನ್ಯಾಷನಲ್ ಮಾರ್ಕೆಟ್‌ನಲ್ಲೋ ಸೆಕೆಂಡ್ ಹ್ಯಾಂಡ್ ನೋಡ್ತೀನಿ ಅನ್ನೋರು ಕಾಸು ಕೊಡೋ ಮುಂಚೆ ಇಷ್ಟು ಮಾಡಿ. ಚಪ್ಪಟೆ ಮೇಜಿನ ಮೇಲೆ ಇಟ್ಟು ನೋಡಿ. ಹಿಂಬದಿ ಉಬ್ಬಿದ್ದರೆ, ಪರದೆಯ ಅಂಚು ಎದ್ದಿದ್ದರೆ ಬೇಡ. ವಿಂಡೋಸ್ ಯಂತ್ರವಾದರೆ ಕಮ್ಯಾಂಡ್ ಪ್ರಾಂಪ್ಟ್‌ನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಸಿ, ಡೆಕ್ ಆದರೆ ಡೆಸ್ಕ್‌ಟಾಪ್ ಮೋಡ್‌ನ ಇನ್ಫೋ ಸೆಂಟರ್ ತೆಗೀರಿ. ಹೊಸದರಲ್ಲಿದ್ದ ಸಾಮರ್ಥ್ಯದ 80 ಶೇಕಡಾಕ್ಕಿಂತ ಕಮ್ಮಿ ಇದ್ದರೆ ಹೊಸ ಬ್ಯಾಟರಿಯ ಖರ್ಚು ಕಳೆದು ಬೆಲೆ ಕೇಳಿ. ಕೊನೆಗೆ ಸ್ಟಿಕ್ಕಿನ ಸಣ್ಣ ಅಲುಗಾಟವನ್ನ ಲೆಕ್ಕಕ್ಕೆ ತಗೊಳ್ಳದ ಡೆಡ್‌ಝೋನ್ ಸೆಟ್ಟಿಂಗನ್ನ ಸೊನ್ನೆಗೆ ಇಳಿಸಿ, ನಾಲ್ಕೂ ದಿಕ್ಕಿಗೆ ಎಳೆದು ಹತ್ತಿಪ್ಪತ್ತು ಸಲ ಬಿಡಿ. ಪರದೆ ಮೇಲೆ ಸ್ಟಿಕ್ಕಿನ ಜಾಗ ತೋರಿಸೋ ಚುಕ್ಕಿ ಪ್ರತಿ ಸಲವೂ ನಡುವಿನ ಹತ್ತಿರಕ್ಕೇ ಬಂದು ನಿಲ್ಲಬೇಕು. ಅಂಗಡಿಯವನು ಡೆಡ್‌ಝೋನ್ ಮುಟ್ಟಬೇಡಿ ಸರ್ ಅಂದರೆ, ಯಾಕೆ ಅಂತ ನಿಮಗೇ ಗೊತ್ತಾಗುತ್ತೆ.