ಅಗಿಯದೆ ನುಂಗಿದ ಮುದ್ದೆ

ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ಮಂಡ್ಯ, ಹಾಸನ, ಕೋಲಾರದ ಕಡೆ ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಹೊಸಬರು ಅಗಿಯಲು ಹೋಗಿ ಹಲ್ಲಿಗೆಲ್ಲ ಮೆತ್ತಿಸಿಕೊಂಡು ಪರದಾಡುವಾಗ ಪಕ್ಕದೆಲೆಯವರು ನಗುತ್ತಾರೆ, ಅಷ್ಟೆ. ವಿಜ್ಞಾನದ ಮೇಷ್ಟ್ರಿಗೆ ಮಾತ್ರ ಇದು ಇಕ್ಕಟ್ಟು. ಹಲ್ಲು ಅರೆಯುವುದು ಭೌತಿಕ ಬದಲಾವಣೆ, ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು ಮಾಲ್ಟೋಸ್ ಎಂಬ ಸಕ್ಕರೆ ಮಾಡುವುದು ರಾಸಾಯನಿಕ ಬದಲಾವಣೆ ಎಂದು ಅವರು ಬೋರ್ಡಿನ ಮೇಲೆ ಬರೆದಿರುತ್ತಾರೆ. ಮುದ್ದೆ ಉಣ್ಣುವವರು ಎರಡನ್ನೂ ಹಾರಿಸಿ ನೇರ ಗಂಟಲಿಗೆ ಇಳಿಸುತ್ತಾರೆ. ಆದರೂ ಸಂಜೆತನಕ ಹೊಲ ಗೇಯುತ್ತಾರೆ.

ಹಲ್ಲಿನ ಕೆಲಸವನ್ನು ಗಿರಣಿ ಮೊದಲೇ ಮುಗಿಸಿದೆ. ಮಿಕ್ಕಿದ್ದನ್ನು ಒಲೆ ಮಾಡುತ್ತದೆ. ಹಸಿ ಹಿಟ್ಟಿನ ಪಿಷ್ಟ ಗಟ್ಟಿ ಕಣಗಳಲ್ಲಿ ಒತ್ತೊತ್ತಾಗಿ ಅಡಕವಾಗಿರುತ್ತದೆ. ಕಿಣ್ವ ಒಳಹೊಗುವುದು ಕಷ್ಟ. ನೀರಿನ ಜೊತೆ ಸುಮಾರು 70 ಡಿಗ್ರಿ ಬಿಸಿ ತಾಗಿದಾಗ ಕಣ ನೀರು ಕುಡಿದು ಉಬ್ಬಿ ಒಡೆಯುತ್ತದೆ. ಇದು ಭೌತಿಕವೋ ರಾಸಾಯನಿಕವೋ? ಬೆಂದದ್ದು ಮತ್ತೆ ಹಸಿ ಹಿಟ್ಟಾಗದು, ಆದರೆ ಹೊಸ ವಸ್ತುವೂ ಹುಟ್ಟಿಲ್ಲ, ಪಿಷ್ಟ ಪಿಷ್ಟವಾಗಿಯೇ ಇದೆ. ಪರೀಕ್ಷೆಯಲ್ಲಿ ಕೇಳಬಾರದ ಪ್ರಶ್ನೆ ಇದು.

ಕೆಡುವುದೂ ಇಲ್ಲೇ. ಒಂದು ಲೋಟ ಹಿಟ್ಟಿಗೆ ಹೆಚ್ಚುಕಮ್ಮಿ ಎರಡು ಲೋಟ ನೀರು. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಬಿಟ್ಟು, ಕುದಿ ಬಂದ ಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆ ಸುರಿದು, ಕೈ ಆಡಿಸದೆ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಬಿಡಬೇಕು. ಆಮೇಲೆ ಕೋಲು ಹಾಕಿ ತಿರುವಬೇಕು. ಅವಸರ ಮಾಡಿದರೆ ಗಂಟು. ಗಂಟಿನೊಳಗೆ ಒಣ ಹಿಟ್ಟು. ನೀರು ಮುಟ್ಟದ್ದರಿಂದ ಅಲ್ಲಿನ ಕಣ ಒಡೆದಿರುವುದಿಲ್ಲ. ಅದರಲ್ಲಿ ಒಂದಷ್ಟು ದೊಡ್ಡ ಕರುಳಿನವರೆಗೂ ಹಾಗೇ ಹೋಗಿ ಹೊಟ್ಟೆ ಉಬ್ಬರಿಸುತ್ತದೆ. ಒದ್ದೆ ಬೆರಳಿನಿಂದ ಮುಟ್ಟಿದಾಗ ಅಂಟದಿದ್ದರೆ ಬೆಂದಿದೆ ಎಂದರ್ಥ.

ತುತ್ತು ಅಡಿಕೆ ಗಾತ್ರ ಮೀರದೆ, ಸಾರಿನಲ್ಲಿ ಪೂರ್ತಿ ಅದ್ದಿರಬೇಕು. ಅನ್ನನಾಳದ ಉದ್ದ ಸುಮಾರು 25 ಸೆಂಟಿಮೀಟರು. ಅದರ ಸ್ನಾಯು ಮೇಲಿನಿಂದ ಹಿಂಡುತ್ತ ತುತ್ತನ್ನು ಹತ್ತು ಸೆಕೆಂಡಿನೊಳಗೆ ಜಠರಕ್ಕೆ ತಲುಪಿಸುತ್ತದೆ. ಒಣ ತುತ್ತು ಎದೆಯಲ್ಲಿ ನಿಲ್ಲುತ್ತದೆ. ಸಣ್ಣ ಮಕ್ಕಳಿಗೂ ನುಂಗಲು ತೊಂದರೆಯಿರುವ ಹಿರಿಯರಿಗೂ ಸಾರಿನಲ್ಲಿ ಕಿವುಚಿ ಕೊಡುವುದೇ ಸರಿ.

ಜಠರ ನಿಮಿಷಕ್ಕೆ ಸುಮಾರು ಮೂರು ಸಲ ಹಿಂಡಿ ಕಲಸುತ್ತದೆ. ಒಂದೆರಡು ಮಿಲಿಮೀಟರಿಗಿಂತ ದಪ್ಪದ ಚೂರನ್ನು ಕೆಳಬಾಗಿಲು ಸುಲಭಕ್ಕೆ ಬಿಡುವುದಿಲ್ಲ. ಇಲ್ಲಿನ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಪೆಪ್ಸಿನ್ ಎಂಬ ಕಿಣ್ವಕ್ಕೆ ಬೇಕಾದದ್ದು ಸಾರಿನ ಕಾಳಿನಲ್ಲಿರುವ ಪ್ರೋಟೀನು. ಮುದ್ದೆಯ ಪಿಷ್ಟಕ್ಕೆ ಇಲ್ಲಿ ಕಡೆದಾಟ ಮಾತ್ರ.

ಕಡೆಯುವುದೇ ಬೇರೆ, ರಸ ಕರಗಿಸುವುದೇ ಬೇರೆ ಎಂದು ಕಣ್ಣಾರೆ ಕಂಡವನು ಅಮೆರಿಕದ ಸೇನಾ ವೈದ್ಯ ವಿಲಿಯಂ ಬೋಮಾಂಟ್. 1822ರಲ್ಲಿ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಗುಂಡೇಟು ಬಿತ್ತು. ಬದುಕಿಕೊಂಡ, ಹೊಟ್ಟೆಯ ತೂತು ಮಾತ್ರ ಮುಚ್ಚಲೇ ಇಲ್ಲ. ಬೋಮಾಂಟ್ ಮಾಂಸದ ಚೂರನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನಿಂದ ಇಳಿಬಿಟ್ಟ; ಜಠರರಸವನ್ನು ಹೊರತೆಗೆದು ಶೀಶೆಯಲ್ಲಿ ಬೆಚ್ಚಗಿಟ್ಟು ಅದಕ್ಕೂ ಮಾಂಸ ಹಾಕಿದ. ಶೀಶೆಯಲ್ಲೂ ಕರಗಿತು, ಹೊತ್ತು ಹೆಚ್ಚು ಹಿಡಿಯಿತು. ಆ ಪಾಪದವನು ವರ್ಷಗಟ್ಟಲೆ ಸಹಿಸಿಕೊಂಡದ್ದರ ಫಲ 1833ರಲ್ಲಿ ಪುಸ್ತಕವಾಯಿತು, ಹೆಸರು ವೈದ್ಯನಿಗೆ ಬಂತು.

ಮುದ್ದೆಯ ನಿಜವಾದ ಲೆಕ್ಕ ಚುಕ್ತಾ ಆಗುವುದು ಸಣ್ಣ ಕರುಳಿನಲ್ಲಿ. ಮೇದೋಜೀರಕ ಗ್ರಂಥಿಯ ಕ್ಷಾರರಸ ಮೊದಲು ಆಮ್ಲವನ್ನು ತಣಿಸುತ್ತದೆ, ಏಕೆಂದರೆ ಆಮ್ಲದಲ್ಲಿ ಅಮೈಲೇಸ್ ಕೆಲಸ ಮಾಡದು. ಆ ರಸದಲ್ಲೇ ಬರುವ ಅಮೈಲೇಸ್, ಬಾಯಿ ಮಾಡದೆ ಬಿಟ್ಟ ಕೆಲಸವನ್ನು ಪೂರ್ತಿ ವಹಿಸಿಕೊಳ್ಳುತ್ತದೆ. ಕರುಳಿನ ಗೋಡೆಯ ಮಾಲ್ಟೇಸ್ ಕಿಣ್ವ ಕೊನೆಗೆ ಗ್ಲೂಕೋಸ್ ಮಾಡುತ್ತದೆ, ಅದು ರಕ್ತಕ್ಕೆ ಸೇರುತ್ತದೆ. ಮುದ್ದೆಯ ಮೇಲೆ ಬಿದ್ದ ತುಪ್ಪದ ಪಾಡು ಬೇರೆ. ಪಿತ್ತರಸದಲ್ಲಿ ಜೀರ್ಣ ಮಾಡುವ ಕಿಣ್ವವೇ ಇಲ್ಲ. ಎಣ್ಣೆತಲೆಗೆ ಸೀಗೇಪುಡಿ ಮಾಡುವುದನ್ನೇ ಅದು ತುಪ್ಪಕ್ಕೆ ಮಾಡುತ್ತದೆ, ಹನಿಹನಿಯಾಗಿ ಬಿಡಿಸುತ್ತದೆ, ಅಷ್ಟೆ. ಭೌತಿಕ ಬದಲಾವಣೆ! ಹನಿಯೊಳಗಿನ ಕೊಬ್ಬನ್ನು ಒಡೆಯುವ ರಾಸಾಯನಿಕ ಕೆಲಸ ಲೈಪೇಸ್ ಎಂಬ ಕಿಣ್ವದ್ದು.

ಊಟದ ಮೇಲೆ ಹೊಟ್ಟೆ ಗುಡುಗಿದರೆ ಮುದ್ದೆಯನ್ನು ಬೈಯುವುದು ರೂಢಿ. ಬಹಳ ಸಲ ತಪ್ಪು ಬಸ್ಸಾರಿನದು. ಕಾಳುಗಳಲ್ಲಿ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳಿವೆ, ಅವನ್ನು ಒಡೆಯುವ ಕಿಣ್ವ ಮನುಷ್ಯನ ಕರುಳಿನಲ್ಲಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅವನ್ನು ಹುದುಗಿಸಿ ಹೈಡ್ರೋಜನ್, ಕಾರ್ಬನ್ ಡೈ ಆಕ್ಸೈಡ್ ಬಿಡುತ್ತವೆ. ನೀರಿನಲ್ಲಿ ಕರಗುವ ಸಕ್ಕರೆಯಾದ್ದರಿಂದ ಬೇಯಿಸಿ ಬಸಿದಾಗ ಒಂದು ಪಾಲು ಬಸಿದ ನೀರಿಗೆ, ಅಂದರೆ ಕಟ್ಟಿಗೆ, ಇಳಿಯುತ್ತದೆ, ಬಸ್ಸಾರು ಮಾಡುವುದು ಆ ಕಟ್ಟಿನಿಂದಲೇ. ಕಟ್ಟು ಚೆಲ್ಲಿದರೆ ಬಸ್ಸಾರೇ ಇಲ್ಲ. ಒಣಗಿದ ಕಾಳನ್ನು ಎಂಟು ಗಂಟೆ ನೆನೆಸಿ, ಆ ನೀರು ಬಸಿದು, ಎರಡು ಸಲ ತೊಳೆದು ಬೇಯಲಿಟ್ಟರೆ ಗುಡುಗು ಎಷ್ಟೋ ಕಡಿಮೆ.