ಫ್ರೀಜರ್‌ನಲ್ಲಿಟ್ಟರೆ ಹಣ್ಣಿನ ವೈರಸ್ ಸಾಯುವುದಿಲ್ಲ

ಕಾರವಾರದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. 'ಹೊರದೇಶದ ಹಣ್ಣಲ್ಲೆಲ್ಲ ವೈರಸ್ ಇದೆ, ಒಂದು ರಾತ್ರಿ ಫ್ರೀಜರ್‌ನಲ್ಲಿಟ್ಟರೆ ಸಾಯುತ್ತದೆ' ಅಂತ. ಎರಡೂ ಮಾತು ತಪ್ಪು. ಎರಡನೆಯದನ್ನು ನಂಬಿದರೆ ಅಪಾಯವೇ.

ವಾಂತಿ-ಭೇದಿ ತರುವ ನೊರೊವೈರಸ್, ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಚಳಿಗೆ ಸಾಯುವಂಥವಲ್ಲ. 2012ರಲ್ಲಿ ಜರ್ಮನಿಯಲ್ಲಿ ಸುಮಾರು 11,000 ಜನ ವಾಂತಿ-ಭೇದಿಯಿಂದ ನರಳಿದರು. ಹೆಚ್ಚಿನವರು ಮಕ್ಕಳು. ಕಾರಣ, ಚೀನಾದಿಂದ ಬಂದ ಫ್ರೋಜನ್ ಸ್ಟ್ರಾಬೆರಿಯಲ್ಲಿದ್ದ ನೊರೊವೈರಸ್.

ಹಾಗಂತ ಎಲ್ಲ ಹಣ್ಣಿಗೂ ಹೆದರಬೇಕಿಲ್ಲ. ಈ ವೈರಸ್‌ಗಳು ಹಣ್ಣಿನಲ್ಲಿ ಬೆಳೆಯುವುದಿಲ್ಲ; ಕೊಳಚೆ ನೀರಿನಿಂದ, ಕಾಯಿಲೆ ಇದ್ದವರ ಕೈಯಿಂದ ಅಂಟುತ್ತವೆ. ಸ್ಟ್ರಾಬೆರಿಯನ್ನು ಹತ್ತಿರದಿಂದ ನೋಡಿ: ಮೈತುಂಬಾ ಸಣ್ಣ ಕುಳಿ, ಸುಲಿಯಲು ಸಿಪ್ಪೆಯಿಲ್ಲ, ಕೀಳುವುದೂ ಕೈಯಲ್ಲೇ. ಅಪಾಯ ಜಾಸ್ತಿ ಇರುವುದು ಇಂಥ ಹಣ್ಣಲ್ಲಿ. ಕಿತ್ತಳೆಯನ್ನು ಸಿಪ್ಪೆ ತೆಗೆದೇ ತಿನ್ನುತ್ತೇವೆ, ಅಲ್ವಾ?

ಮೊದಲು ಸೋಪಿನಿಂದ ಕೈ ತೊಳೆಯಿರಿ. ಸ್ಯಾನಿಟೈಸರನ್ನೇ ನಂಬಬೇಡಿ, ನೊರೊವೈರಸ್ ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಸೇಬನ್ನು ನಲ್ಲಿ ನೀರಿನಲ್ಲಿ ಚೆನ್ನಾಗಿ ಉಜ್ಜಿ. ಫ್ರೋಜನ್ ಬೆರಿಯಾದರೆ ಒಂದು ನಿಮಿಷ ಕುದಿಸಿ, ಆರಿದ ಮೇಲೆ ಮಕ್ಕಳಿಗೆ ಜ್ಯೂಸ್ ಮಾಡಿಕೊಡಿ. ಊರಿನ ಹಣ್ಣೆಂದು ಬಿಡಬೇಡಿ, ಅಂಕೋಲೆಯ ಕರಿ ಇಶಾಡ ಮಾವನ್ನೂ ತೊಳೆದೇ ಕೊಯ್ಯಿರಿ.